ಡಬ್ಬ್ಯಾಗ ಹಾಕು, ಡಬ್ಬ್ಯಾಗ ಐತಿ

ಜರ್ಮನ್ ಕಲಿಯಲು ಕೂತವರಿಗೆ ಶುರುವಿನ ಪಾಠಗಳಲ್ಲೇ ಎದುರಾಗುವ ಶಬ್ದ ‘ಬ್ರೀಫ್‌ಕಸ್ಟನ್’. ಬ್ರೀಫ್ ಎಂದರೆ ಪತ್ರ, ಕಸ್ಟನ್ ಎಂದರೆ ಪೆಟ್ಟಿಗೆ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯವರ ಬಾಯಲ್ಲಿ ಇದೇ ಟಪಾಲ ಡಬ್ಬಿ. ಎರಡು ನಾಮಪದ ಜೋಡಿಸಿ ಹೊಸ ಶಬ್ದ ಮಾಡುವುದು ಕನ್ನಡದವರಿಗೆ ಹೊಸದಲ್ಲ. ಇಂಗ್ಲಿಷಿನ ಬ್ರೀಫ್‌ಕೇಸ್ ಮನಸ್ಸಿನೊಳಗೆ ನುಸುಳದಂತೆ ನೋಡಿಕೊಂಡರೆ ಅರ್ಥ ಒಂದೇ ದಿನಕ್ಕೆ ನೆನಪಲ್ಲಿ ಉಳಿಯುತ್ತದೆ.

ತೊಡಕು ಶುರುವಾಗುವುದು ವಾಕ್ಯ ಕಟ್ಟುವಾಗ.

ಮೊದಲನೆಯದು ಲಿಂಗ. ಕನ್ನಡದಲ್ಲಿ ಡಬ್ಬಿ ನಪುಂಸಕ, ಅದರ ಬಗ್ಗೆ ಯಾರೂ ಎರಡನೇ ಸಲ ಯೋಚಿಸುವುದಿಲ್ಲ. ಜರ್ಮನ್ನಿನಲ್ಲಿ ಅದು ಪುಲ್ಲಿಂಗ: ‘ಡೇರ್ ಬ್ರೀಫ್‌ಕಸ್ಟನ್’. ಯಾಕೆಂದು ಕೇಳಿ ಪ್ರಯೋಜನವಿಲ್ಲ, ಶಬ್ದದ ಜೊತೆಗೇ ‘ಡೇರ್’ ಅನ್ನೂ ಬಾಯಿಪಾಠ ಮಾಡಬೇಕು. ಅಲ್ಲಿ ವಿಭಕ್ತಿಯ ಕೆಲಸದ ಬಹುಪಾಲು ಈ ಪುಟ್ಟ ಪದದ್ದೇ. ಕನ್ನಡದಲ್ಲಿ ಶಬ್ದದ ಬಾಲ ಬದಲಾಗುತ್ತದೆ, ಜರ್ಮನ್ನಿನಲ್ಲಿ ಹೆಚ್ಚಾಗಿ ಮುಂದಿನ ‘ಡೇರ್’ ಬದಲಾಗಿ ‘ಡೇನ್’, ‘ಡೇಮ್’ ಆಗುತ್ತದೆ.

ಎರಡನೆಯದು ಈ ವಿಭಕ್ತಿಯೇ. ಎರಡು ವಾಕ್ಯ ನೋಡೋಣ. ‘ಇಷ್ ವೆರ್ಫೆ ಡೇನ್ ಬ್ರೀಫ್ ಇನ್ ಡೇನ್ ಬ್ರೀಫ್‌ಕಸ್ಟನ್’ ಎಂದರೆ ಪತ್ರವನ್ನು ಪೆಟ್ಟಿಗೆಗೆ ಹಾಕುತ್ತೇನೆ. ‘ಡೇರ್ ಬ್ರೀಫ್ ಲೀಕ್ಟ್ ಇಮ್ ಬ್ರೀಫ್‌ಕಸ್ಟನ್’ ಎಂದರೆ ಪತ್ರ ಪೆಟ್ಟಿಗೆಯಲ್ಲಿದೆ. ಒಳಗೆ ಹೋಗುವಾಗ ‘ಇನ್ ಡೇನ್’, ಒಳಗಿರುವಾಗ ‘ಇಮ್’; ಈ ‘ಇಮ್’ ಎನ್ನುವುದು ‘ಇನ್ ಡೇಮ್’ ಕೂಡಿಕೊಂಡ ರೂಪ. ವಿಜಯಪುರ ಸೀಮೆಯವರು ಎಡವುವ ಜಾಗ ಇದೇ. ಮನೆಮಾತಿನಲ್ಲಿ ‘ಪತ್ರ ಡಬ್ಬ್ಯಾಗ ಹಾಕಿ ಬಾ’ ಅನ್ನುತ್ತಾರೆ, ‘ಪತ್ರ ಡಬ್ಬ್ಯಾಗ ಐತಿ’ ಅಂತಲೂ ಅನ್ನುತ್ತಾರೆ. ಚಲನೆಗೂ ನೆಲೆಗೂ ಒಂದೇ ‘ಡಬ್ಬ್ಯಾಗ’. ಆ ಅಭ್ಯಾಸದಲ್ಲಿ ಜರ್ಮನ್ ಆಡಿದರೆ ಎರಡೂ ಕಡೆ ‘ಇಮ್’ ಬಂದುಬಿಡುತ್ತದೆ. ಇಲ್ಲಿ ಕೈಹಿಡಿಯುವುದು ಶಾಲೆಯಲ್ಲಿ ಕಲಿತ ಪುಸ್ತಕದ ಕನ್ನಡ. ಮನಸ್ಸಿನಲ್ಲಿ ‘ಪೆಟ್ಟಿಗೆಗೆ’ ಎಂದರೆ ‘ಇನ್ ಡೇನ್’, ‘ಪೆಟ್ಟಿಗೆಯಲ್ಲಿ’ ಎಂದರೆ ‘ಇಮ್’. ಚತುರ್ಥಿ, ಸಪ್ತಮಿ ಎಂದು ಮೇಷ್ಟ್ರು ಗಿಣಿಪಾಠ ಮಾಡಿಸಿದ್ದು ಇಷ್ಟು ದೂರದ ಭಾಷೆಯಲ್ಲಿ ಉಪಯೋಗಕ್ಕೆ ಬರುವುದು ನಿಜಕ್ಕೂ ಖುಷಿಯ ಸಂಗತಿ.

ಮೂರನೆಯ ವಾಕ್ಯದ ಬೆಲೆ ವ್ಯಾಕರಣಕ್ಕಿಂತ ಹೆಚ್ಚು: ‘ಮೈನ್ ನಾಮೆ ಶ್ಟೇಟ್ ಅಮ್ ಬ್ರೀಫ್‌ಕಸ್ಟನ್’, ನನ್ನ ಹೆಸರು ಪೆಟ್ಟಿಗೆಯ ಮೇಲಿದೆ. ಬೀದಿಯ ಹಳದಿ ಡಬ್ಬಿಗೂ ಮನೆ ಬಾಗಿಲ ಡಬ್ಬಿಗೂ ಜರ್ಮನರು ಬ್ರೀಫ್‌ಕಸ್ಟನ್ ಎಂದೇ ಅನ್ನುತ್ತಾರೆ. ಇಲ್ಲಿ ಹೇಳುತ್ತಿರುವುದು ಮನೆಯದ್ದು. ವಿಜಯಪುರ ಜಿಲ್ಲೆಯ ವಿಳಾಸದಲ್ಲಿ ಊರು, ಅಂಚೆ, ತಾಲ್ಲೂಕು, ಜಿಲ್ಲೆ ಸಾಲಾಗಿ ಬರುತ್ತವೆ, ಕೊನೆಗೆ ಪಿನ್: ಇಂಡಿಗೆ 586209, ಸಿಂದಗಿಗೆ 586128, ಮುದ್ದೇಬಿಹಾಳಕ್ಕೆ 586212, ಬಸವನ ಬಾಗೇವಾಡಿಗೆ 586203. ಹಳ್ಳಿಯ ಪೋಸ್ಟ್‌ಮನ್‌ಗೆ ಮನೆತನವೇ ಗೊತ್ತು, ಕೂಗಿ ಕರೆದು ಕೈಗೇ ಕೊಡುತ್ತಾನೆ. ಜರ್ಮನಿಯ ಬಹುಮಹಡಿ ಕಟ್ಟಡಗಳ ವಿಳಾಸದಲ್ಲಿ ಸಾಮಾನ್ಯವಾಗಿ ಕಟ್ಟಡದ ಸಂಖ್ಯೆ ಇರುತ್ತದೆ, ಒಳಗಿನ ಒಂದೊಂದು ಮನೆಯ ಸಂಖ್ಯೆ ಇರುವುದಿಲ್ಲ. ಕೆಳಗೆ ಸಾಲಾಗಿ ನಿಂತ ಡಬ್ಬಿಗಳ ಮೇಲಿನ ಹೆಸರು ಓದಿ ಅಂಚೆಯವರು ಪತ್ರ ಹಾಕುತ್ತಾರೆ. ಹೆಸರಿಲ್ಲದಿದ್ದರೆ ಪತ್ರ ಕಳಿಸಿದವರಿಗೇ ವಾಪಸ್. ತೆರಿಗೆ ಸಂಖ್ಯೆ ಬರುವುದು ಅಂಚೆಯಲ್ಲಿ. ಎಷ್ಟೋ ಬ್ಯಾಂಕುಗಳು ಕಾರ್ಡು ಮತ್ತು ಅದರ ಗುಪ್ತಸಂಖ್ಯೆಯನ್ನು ಬೇರೆಬೇರೆ ಲಕೋಟೆಯಲ್ಲಿ ಕಳಿಸುತ್ತವೆ. ನರ್ಸಿಂಗ್ ಕೆಲಸಕ್ಕೋ ಓದಿಗೋ ಹೋಗಿ ಇನ್ನೊಬ್ಬರ ಮನೆಯ ಕೋಣೆಯಲ್ಲಿ ಬಾಡಿಗೆಗೆ ಇರುವವರು ಮನೆಯವರ ಹೆಸರಿನ ಕೆಳಗೆ ತಮ್ಮ ಹೆಸರನ್ನೂ ಅಂಟಿಸಲೇಬೇಕು.

ಶಬ್ದವನ್ನು ಬಳಕೆಯಲ್ಲಿಟ್ಟು ಕಲಿಯುವ ದಾರಿಯನ್ನು ಕನ್ನಡಿಗರಿಗೆ ಒಬ್ಬ ಜರ್ಮನನೇ ತೋರಿಸಿದ್ದಾನೆ. 1832ರಲ್ಲಿ ಹುಟ್ಟಿದ ಫರ್ಡಿನೆಂಡ್ ಕಿಟೆಲ್ 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಬಂದವನು, ಮೊದಲ ವರ್ಷಗಳನ್ನು ಹುಬ್ಬಳ್ಳಿ-ಧಾರವಾಡ ಕಡೆ ಕಳೆದವನು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವನ ಕನ್ನಡ-ಇಂಗ್ಲಿಷ್ ನಿಘಂಟು ಅರ್ಥ ಹೇಳಿ ಸುಮ್ಮನಾಗುವುದಿಲ್ಲ. ಶಬ್ದ ಜನರ ಮಾತಿನಲ್ಲಿ, ಗಾದೆಯಲ್ಲಿ, ಕಾವ್ಯದಲ್ಲಿ ಹೇಗೆ ನಡೆದಾಡುತ್ತದೆ ಎಂದು ತೋರಿಸುತ್ತದೆ. ಮೊಬೈಲಿನ ಶಬ್ದಪಟ್ಟಿ ಉರುಹೊಡೆಯುವ ಇಂದಿನ ಪದ್ಧತಿಗಿಂತ ಇದು ಎಷ್ಟೋ ಮೇಲು.

ಹಾಗಾಗಿ ಜರ್ಮನಿಗೆ ಹೊರಡುವ ಸಿದ್ಧತೆಯಲ್ಲಿರುವ ತಮ್ಮ-ತಂಗಿಯರೇ, ಒಂದು ವಹಿಯಲ್ಲಿ ಬ್ರೀಫ್‌ಕಸ್ಟನ್ ಎಂದಷ್ಟೇ ಬರೆದು ಬಿಡಬೇಡಿ. ಮೇಲಿನ ಮೂರೂ ವಾಕ್ಯ ಬರೆದು, ದನಿ ಎತ್ತಿ ಓದಿ. ಅಲ್ಲಿ ಇಳಿದು ಕೋಣೆ ಸೇರಿದ ದಿನವೇ, ಅಡುಗೆಗೆ ಇಡುವ ಮೊದಲು, ಕೆಳಗಿಳಿದು ಹೋಗಿ ಡಬ್ಬಿಗೆ ಹೆಸರು ಹಚ್ಚಿ ಬನ್ನಿ.