ಚೇಂಬರ್ ಬೋಲ್ಟ್ ಬಿಚ್ಚುವ ಮೊದಲು

ಕಾರಿನ ಇಂಜಿನ್ ಆಯಿಲ್ ಮನೆಯಲ್ಲೇ ಬದಲಾಯಿಸುವುದನ್ನು ಕಲಿಸುವ ವಿಡಿಯೋಗಳಿಗೆ ಈಗ ಬರವಿಲ್ಲ. ಹೆಚ್ಚಿನವು ಒಂದೇ ಅಚ್ಚಿನವು. ಜ್ಯಾಕ್ ಏರಿಸಿದ ಕಾರು, ಅದರಡಿ ಅಂಗಾತ ಮಲಗಿದ ಯುವಕ, ಟ್ರೇಗೆ ಕಪ್ಪಗೆ ಸುರಿಯುವ ಹಳೆ ಆಯಿಲ್, ಹೊಸ ಫಿಲ್ಟರ್, ಹೊಸ ಕ್ಯಾನ್. ಕೊನೆಗೆ, ‘ಶೋರೂಮಿನವರಿಗೆ ಸುಮ್ಮನೆ ಯಾಕೆ ದುಡ್ಡು ಸುರೀತೀರಾ?’ ಎಂಬ ಪ್ರಶ್ನೆ. ಟ್ರೇಯಲ್ಲಿದ್ದ ಆ ಮೂರು ಲೀಟರ್ ಕರಿ ಆಯಿಲ್ ಆಮೇಲೆ ಎಲ್ಲಿಗೆ ಹೋಯಿತು ಎಂಬುದನ್ನು ಮಾತ್ರ ಇವು ತೋರಿಸುವುದು ಅಪರೂಪ. ಈ ಅಭ್ಯಾಸದ ಬಗ್ಗೆ ನನ್ನ ತಕರಾರು ಇರುವುದೇ ಅಲ್ಲಿ. ಆದರೆ ತಕರಾರಿಗೆ ಮುನ್ನ ಅದರ ಪರವಾಗಿ ಹೇಳಬೇಕಾದ್ದನ್ನು ಹೇಳಿಬಿಡಬೇಕು, ಅದೂ ಕಡಿಮೆಯೇನಿಲ್ಲ.

ದುಡ್ಡಿನ ಮಾತನ್ನು ಬೇಗ ಮುಗಿಸೋಣ. ಸಣ್ಣ ಪೆಟ್ರೋಲ್ ಕಾರಿಗೆ ಬೇಕಾಗುವುದು ಮೂರರಿಂದ ಮೂರೂವರೆ ಲೀಟರ್ ಆಯಿಲ್, ಒಂದು ಫಿಲ್ಟರ್, ಬೋಲ್ಟ್‌ನ ಒಂದು ವಾಷರ್. ಇವನ್ನು ಮನೆಯಲ್ಲಿ ಹಾಕಿದರೂ ಕೊಳ್ಳಬೇಕು, ಗ್ಯಾರೇಜಿನಲ್ಲಿ ಹಾಕಿಸಿದರೂ ಕೊಳ್ಳಬೇಕು. ಉಳಿಯುವುದು ಕೂಲಿ ಮಾತ್ರ. ಬಡಾವಣೆಯ ಗ್ಯಾರೇಜಿನಲ್ಲಿ ಅದು ಕೆಲವು ನೂರು ರೂಪಾಯಿ. ಒಳ್ಳೆಯ ಜ್ಯಾಕ್, ಎರಡು ಸ್ಟ್ಯಾಂಡ್, ಟಾರ್ಕ್ ರೆಂಚ್, ಫಿಲ್ಟರ್ ರೆಂಚ್, ಟ್ರೇ ಎಂದು ಸಾಮಾನು ಕೊಂಡರೆ ಕೆಲವು ಸಾವಿರ ಕೈಬಿಡುತ್ತದೆ. ವರ್ಷಕ್ಕೊಮ್ಮೆ ಮಾಡುವ ಕೆಲಸದಲ್ಲಿ ಅದು ವಾಪಸಾಗುವ ಹೊತ್ತಿಗೆ ಕಾರನ್ನೇ ಮಾರಿರುತ್ತೇವೆ. ಅಮೆರಿಕದಲ್ಲಿರುವ ನಮ್ಮ ನೆಂಟರು ವಾರಾಂತ್ಯದಲ್ಲಿ ಮನೆ ಮುಂದೆ ತಾವೇ ಆಯಿಲ್ ಬದಲಾಯಿಸುವುದಕ್ಕೆ ಅಲ್ಲಿನ ಕೂಲಿಯ ದರವೇ ದೊಡ್ಡ ಕಾರಣ. ಆ ಕಾರಣ ಇಲ್ಲಿಗೆ ಬರುವಷ್ಟರಲ್ಲಿ ಅರ್ಧಕ್ಕರ್ಧ ಕರಗಿಹೋಗುತ್ತದೆ. ಹಾಗಾಗಿ ಉಳಿತಾಯದ ಹೆಸರಿನಲ್ಲಿ ಈ ಕೆಲಸವನ್ನು ಹೊಗಳುವವರ ಮಾತನ್ನು ನಾನು ಒಪ್ಪುವುದಿಲ್ಲ.

ಇನ್ನೊಂದು ವಾದ ಗಟ್ಟಿಯಾದದ್ದು: ಇಂಜಿನ್ ಒಳಗೆ ಏನು ಹೋಯಿತು ಎಂಬುದು ನಮಗೆ ಗೊತ್ತಿರುತ್ತದೆ. ಕಾರು ಬಿಟ್ಟು ಬಂದು ಸಂಜೆ ಬಿಲ್ ಕಟ್ಟುವವನಿಗೆ ಇದು ಗೊತ್ತಾಗುವ ದಾರಿಯೇ ಇಲ್ಲ. ಬಿಲ್‌ನಲ್ಲಿ ‘ಆಯಿಲ್ ಫಿಲ್ಟರ್ – 1’ ಎಂದಿರುತ್ತದೆ. ಕೆಳಗೆ ಬಗ್ಗಿ ನೋಡಿದವರೆಷ್ಟು ಮಂದಿ? ಬ್ಯಾರೆಲ್‌ನಿಂದ ಹಾಕಿದ ಆಯಿಲ್ ಯಾವ ದರ್ಜೆಯದು, ಹಳೆಯದು ಪೂರ್ತಿ ಇಳಿಯುವವರೆಗೆ ಕಾದರೋ, ಐದು ನಿಮಿಷಕ್ಕೇ ಬೋಲ್ಟ್ ಹಾಕಿಬಿಟ್ಟರೋ? ನಂಬಿಕೆಯ ಮೇಲೆ ನಡೆಯುವ ವ್ಯವಹಾರ ಇದು. ನಂಬಿಕೆಗೆ ಅರ್ಹರಾದವರು ಬೇಕಾದಷ್ಟಿದ್ದಾರೆ. ಆದರೂ ಕೈಯಾರೆ ಸೀಲ್ ಒಡೆದು ಸುರಿದವನ ನೆಮ್ಮದಿಯೇ ಬೇರೆ.

ಆ ನೆಮ್ಮದಿಯ ಜೊತೆಗೇ ಒಂದು ಜವಾಬ್ದಾರಿಯೂ ಬರುತ್ತದೆ, ಯಾವ ಆಯಿಲ್ ಎಂದು ತಿಳಿದುಕೊಳ್ಳುವುದು. ನಮ್ಮಲ್ಲಿ ಬಹಳ ಮೆಕ್ಯಾನಿಕ್‌ಗಳಿಗೆ, ಅವರಿಂದ ಕಲಿತ ಕಾರಿನ ಮಾಲೀಕರಿಗೂ, ದಪ್ಪ ಆಯಿಲ್ ಮೇಲೆ ಒಂದು ವ್ಯಾಮೋಹ. ‘ಸಾರ್, ನಮ್ಮ ಬಿಸಿಲಿಗೆ ಅದು ನೀರಿನ ಥರ ಆಗೋಗತ್ತೆ, ಸ್ವಲ್ಪ ದಪ್ಪಂದೇ ಹಾಕ್ಸಿ, ಇಂಜಿನ್ ಸ್ಮೂತ್ ಇರತ್ತೆ’ ಎನ್ನುವ ಸಲಹೆ ಅಂಬಾಸಿಡರ್, ಪದ್ಮಿನಿ ಕಾಲದ ಇಂಜಿನ್‌ಗಳಿಂದ ಬಂದದ್ದು. ಕ್ಯಾನ್ ಮೇಲಿನ 5ಡಬ್ಲ್ಯೂ-30 ಎಂಬುದರಲ್ಲಿ ಮೊದಲ ಅಂಕಿ ಚಳಿಯಲ್ಲಿ ಆಯಿಲ್ ಹೇಗೆ ಹರಿಯುತ್ತದೆ ಎಂಬುದರದು. 5 ಎಂದರೆ ಮೈನಸ್ 30 ಡಿಗ್ರಿಯಲ್ಲಿ, 0 ಎಂದರೆ ಮೈನಸ್ 35 ಡಿಗ್ರಿಯಲ್ಲಿ ಇಂಜಿನ್ ತಿರುಗಿಸಲು ಸಾಧ್ಯವೇ ಎಂದು ಪರೀಕ್ಷೆ ಮಾಡಿರುತ್ತಾರೆ. ಅಂಥ ಚಳಿ ಬೀದರ್‌ನಿಂದ ಚಾಮರಾಜನಗರದವರೆಗೆ ಎಲ್ಲೂ ಇಲ್ಲ. ಎರಡನೆಯ ಅಂಕಿ 100 ಡಿಗ್ರಿಯಲ್ಲಿ, ಅಂದರೆ ಇಂಜಿನ್ ಕಾದು ಕೆಲಸ ಮಾಡುವಾಗ, ಆಯಿಲ್ ಎಷ್ಟು ದಪ್ಪ ಎಂಬುದರ ಲೆಕ್ಕ. ಹೊರಗೆ ರಾಯಚೂರಿನ ಮೇ ತಿಂಗಳಿರಲಿ, ಮಡಿಕೇರಿಯ ಜುಲೈ ಇರಲಿ, ಕಾದ ಇಂಜಿನ್ ಒಳಗೆ ಥರ್ಮೋಸ್ಟಾಟ್ ಹೆಚ್ಚುಕಡಿಮೆ ಅದೇ ಬಿಸಿಯನ್ನು ಕಾಯುತ್ತದೆ. ಮಾರುತಿಯ ಈಚಿನ ಪೆಟ್ರೋಲ್ ಇಂಜಿನ್‌ಗಳಿಗೆ ಕಂಪನಿ ಹೇಳುವುದು 0ಡಬ್ಲ್ಯೂ-16ರಂಥ ತೆಳು ಆಯಿಲ್. ಬೇರಿಂಗ್‌ಗಳ ಸಂದು, ವಾಲ್ವ್ ಟೈಮಿಂಗ್ ಹೊಂದಿಸುವ ಸಣ್ಣ ಸಣ್ಣ ಆಯಿಲ್ ದಾರಿಗಳು ಎಲ್ಲವನ್ನೂ ಅದಕ್ಕೇ ಅಳೆದು ಮಾಡಿರುತ್ತಾರೆ. ಅಲ್ಲಿಗೆ 20ಡಬ್ಲ್ಯೂ-50 ಸುರಿದವನು ಇಂಜಿನ್‌ಗೆ ಉಪಕಾರ ಮಾಡಲಿಲ್ಲ, ಮೈಲೇಜನ್ನೂ ಕಳೆದುಕೊಂಡ. ಕಾರಿನ ಮ್ಯಾನುಯಲ್ ತೆಗೆದು ಆ ಒಂದು ಪುಟ ಓದುವಂತೆ ಮಾಡುವುದು ಈ ಅಭ್ಯಾಸದ ನಿಜವಾದ ಲಾಭಗಳಲ್ಲಿ ಒಂದು. ಅದೇ ಪುಟದಲ್ಲಿ ‘10,000 ಕಿ.ಮೀ. ಅಥವಾ 1 ವರ್ಷ, ಯಾವುದು ಮೊದಲೋ ಅದು’ ಎಂಬಂಥ ಸಾಲೂ ಕಣ್ಣಿಗೆ ಬೀಳುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಗಂಟೆಗಟ್ಟಲೆ ನಿಂತಲ್ಲೇ ಉರಿದ ಇಂಜಿನ್ ಕಿಲೋಮೀಟರ್ ಲೆಕ್ಕದಲ್ಲಿ ಓಡಿಯೇ ಇರುವುದಿಲ್ಲ. ಅಂಥವರಿಗೆ ವರ್ಷದ ಲೆಕ್ಕವೇ ಸರಿ.

ಬಣ್ಣ ನೋಡಿ ಆಯಿಲ್ ಸತ್ತಿದೆ ಎನ್ನುವವರಿಗೆ ಒಂದು ಮಾತು. ಡೀಸೆಲ್ ಇಂಜಿನ್‌ಗೆ ಹಾಕಿದ ಹೊಸ ಆಯಿಲ್ ಬೇಗನೇ ಕಪ್ಪಾಗುತ್ತದೆ. ಮಸಿಯನ್ನು ಅಂಟಿಕೊಳ್ಳಲು ಬಿಡದೆ ತನ್ನೊಳಗೆ ತೇಲಿಸಿಟ್ಟುಕೊಳ್ಳುವುದು ಅದರ ಕೆಲಸ.

ಇನ್ನು ಕೆಲಸ. ನೋಡಲು ಇದರಷ್ಟು ಸುಲಭದ್ದು ಇನ್ನೊಂದಿಲ್ಲ, ಅಲ್ಲೇ ಅಪಾಯ. ಇಂಜಿನ್ ಸ್ವಲ್ಪ ಬಿಸಿಯಿರಬೇಕು, ಸುಡುವಷ್ಟಿರಬಾರದು. ಆಯಿಲ್ ತೆಳುವಾಗಿ ಕೆಸರನ್ನೂ ಎಳೆದುಕೊಂಡು ಇಳಿಯಲಿ ಎಂದು. ಮೆಕ್ಯಾನಿಕ್‌ಗಳು ಚೇಂಬರ್ ಎನ್ನುವ ತಳದ ತೊಟ್ಟಿಯಲ್ಲಿ ಡ್ರೈನ್ ಬೋಲ್ಟ್ ಇರುತ್ತದೆ. ಆಟೋಮ್ಯಾಟಿಕ್ ಕಾರುಗಳಲ್ಲಿ ಪಕ್ಕದಲ್ಲೇ ಗೇರ್‌ಬಾಕ್ಸಿನದೂ ಒಂದಿರುತ್ತದೆ. ಅದನ್ನೇ ಇಂಜಿನ್ನಿನದೆಂದು ಬಿಚ್ಚಿ ಗೇರ್ ಆಯಿಲ್ ಇಳಿಸಿ, ಇಂಜಿನ್‌ಗೆ ಇದ್ದದ್ದರ ಮೇಲೆ ಇನ್ನೂ ಮೂರು ಲೀಟರ್ ಸುರಿದವರು ಜಗತ್ತಿನ ಎಲ್ಲ ಊರುಗಳಲ್ಲೂ ಇದ್ದಾರೆ. ಕಾರಿನಡಿ ಅಂಗಾತ ಮಲಗಿ ತಲೆಯ ಮೇಲೆ ಕೈಚಾಚಿದಾಗ ಎಡಬಲದ ಅಂದಾಜು ತಪ್ಪುತ್ತದೆ. ಬಿಚ್ಚುತ್ತಿದ್ದೇನೆಂದುಕೊಂಡು ಬಿಗಿ ಮಾಡುವವರೂ ಉಂಟು. ಬೋಲ್ಟ್ ಸಡಿಲಾದ ಮೇಲೆ ಅದನ್ನು ಬೆರಳಿನಿಂದ ಒಳಕ್ಕೆ ಒತ್ತಿಹಿಡಿದೇ ತಿರುಗಿಸಿ, ಕೊನೆಯ ಸುತ್ತು ಬಿಟ್ಟ ಕೂಡಲೇ ಕೈ ಸರಕ್ಕನೆ ಪಕ್ಕಕ್ಕೆಳೆಯಬೇಕು. ಇಲ್ಲವಾದರೆ ಬಿಸಿ ಆಯಿಲ್ ಮೊಣಕೈವರೆಗೆ. ಧಾರೆ ಮೊದಲು ದೂರಕ್ಕೆ ಚಿಮ್ಮುತ್ತದೆ, ಬರುಬರುತ್ತಾ ಸೋತು ನೇರ ಕೆಳಗೆ ಬೀಳುತ್ತದೆ. ಟ್ರೇಯನ್ನು ಅದರ ಹಿಂದೆಯೇ ಸರಿಸುತ್ತಾ ಹೋಗಬೇಕು.

ಫಿಲ್ಟರ್ ಬಿಚ್ಚಿದ ಮೇಲೆ ನೋಡಲೇಬೇಕಾದ್ದು ಅದರ ರಬ್ಬರ್ ರಿಂಗ್. ಹಳೆಯ ರಿಂಗ್ ಕೆಲವು ಸಲ ಇಂಜಿನ್ ಬ್ಲಾಕಿಗೇ ಅಂಟಿಕೊಂಡು ಉಳಿಯುತ್ತದೆ. ಮಸಿ ಬಣ್ಣದ ಮೇಲೆ ಮಸಿ ಬಣ್ಣದ ತೆಳು ವರ್ತುಲ, ಬೆರಳಾಡಿಸಿದರೆ ಮಾತ್ರ ತಿಳಿಯುತ್ತದೆ. ಅದರ ಮೇಲೆಯೇ ಹೊಸ ಫಿಲ್ಟರ್ ಕೂರಿಸಿದರೆ ಎರಡು ರಿಂಗ್ ಒಂದರ ಮೇಲೊಂದು ನಿಂತು, ರಸ್ತೆಯಲ್ಲಿ ಒತ್ತಡ ಏರಿದಾಗ ಒಂದು ಜಾರಿ, ಕೆಲವೇ ನಿಮಿಷದಲ್ಲಿ ಆಯಿಲ್ ಎಲ್ಲ ರಸ್ತೆ ಪಾಲು. ಹೊಸ ರಿಂಗಿಗೆ ಹೊಸ ಆಯಿಲ್ ಸವರಿ ಕೈಯಲ್ಲೇ ತಿರುಗಿಸಿ, ರಿಂಗ್ ತಾಗಿದ ಮೇಲೆ ಸುಮಾರು ಮುಕ್ಕಾಲು ಸುತ್ತು ಬಿಗಿದರೆ ಸಾಕು. ಫಿಲ್ಟರಿನ ಮೇಲೆಯೇ ಬರೆದಿರುತ್ತಾರೆ. ಡ್ರೈನ್ ಬೋಲ್ಟ್ ವಿಷಯದಲ್ಲೂ ಅಷ್ಟೇ. ಸಣ್ಣ ಕಾರುಗಳಲ್ಲಿ ಅದಕ್ಕೆ ಬೇಕಾದ ಬಿಗಿ ಸಾಮಾನ್ಯವಾಗಿ 30ರಿಂದ 40 ನ್ಯೂಟನ್ ಮೀಟರ್. ಭಯಕ್ಕೆ ಉದ್ದದ ಪೈಪ್ ಸಿಕ್ಕಿಸಿ ಎಳೆದರೆ ಅಲ್ಯೂಮಿನಿಯಂ ಚೇಂಬರ್‌ನ ಥ್ರೆಡ್ ಹೋಗುತ್ತದೆ. ಉಳಿಸಿದ ಕೂಲಿಯ ಹತ್ತು ಪಟ್ಟು ಅಲ್ಲಿಗೆ. ಸುರಿದ ಮೇಲೆ ಒಂದೆರಡು ನಿಮಿಷ ಇಂಜಿನ್ ಓಡಿಸಿ, ನಿಲ್ಲಿಸಿ, ಆಯಿಲ್ ಕೆಳಗಿಳಿಯಲು ಬಿಟ್ಟು ಡಿಪ್‌ಸ್ಟಿಕ್ ನೋಡಬೇಕು. ಮೇಲಿನ ಗುರುತು ದಾಟಬಾರದು, ದಾಟಿದರೆ ಕ್ರ್ಯಾಂಕ್ ಅದನ್ನು ಕಡೆದು ನೊರೆ ಮಾಡುತ್ತದೆ.

ಜ್ಯಾಕ್ ವಿಷಯದಲ್ಲಿ ನನಗೆ ಯಾವ ರಿಯಾಯಿತಿಯೂ ಇಲ್ಲ. ಕಾರಿನ ಜೊತೆ ಕೊಡುವ ಕತ್ತರಿ ಜ್ಯಾಕ್ ಇರುವುದು ಚಕ್ರ ಬದಲಾಯಿಸಲಿಕ್ಕೆ. ಅದರ ಮೇಲೆ ನಿಂತ ಕಾರಿನಡಿ ನುಗ್ಗಬಾರದು. ಸಿಮೆಂಟ್ ಬ್ಲಾಕ್ ಇಟ್ಟು ನುಗ್ಗುವುದು ಅದಕ್ಕಿಂತ ಕೆಟ್ಟದ್ದು, ಬ್ಲಾಕ್ ಬಿರುಕು ಬಿಡುವ ಮೊದಲು ಸೂಚನೆ ಕೊಡುವುದಿಲ್ಲ. ಇಳಿಜಾರು ಪೋರ್ಟಿಕೋ ಇರುವ ಮೂವತ್ತು–ನಲವತ್ತರ ಸೈಟಿನ ಮನೆಯಾದರೆ ಈ ಕೆಲಸದ ಯೋಚನೆಯನ್ನೇ ಬಿಡಿ. ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ನಲ್ಲಿ ಮಾಡಹೊರಟರೆ ಅಸೋಸಿಯೇಷನ್‌ನವರು ಬಿಡುವುದಿಲ್ಲ, ಬಿಡದಿರುವುದೇ ಸರಿ.

ವಾರಂಟಿಯ ಪ್ರಶ್ನೆಯೂ ಇದೆ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮಿಕ್ಕ ದಂಡ ವಿಧಿಸಿತು. ಬಿಡಿಭಾಗಗಳನ್ನೂ ರಿಪೇರಿ ಮಾಹಿತಿಯನ್ನೂ ಹೊರಗಿನವರಿಗೆ ಸಿಗದಂತೆ ಕಟ್ಟಿಟ್ಟುಕೊಂಡದ್ದಕ್ಕೆ. ಆದೇಶ ಆಮೇಲೆ ಮೇಲ್ಮನವಿಗಳ ಪಾಲಾಯಿತು. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ಇಷ್ಟಾದರೂ ವಾರಂಟಿ ಇರುವ ಕಾರಿನ ಮಾಲೀಕ ಮನೆಯಲ್ಲಿ ಆಯಿಲ್ ಬದಲಾಯಿಸಿ, ನಾಳೆ ಇಂಜಿನ್ ಕೆಟ್ಟರೆ ಸರ್ವಿಸ್ ದಾಖಲೆ ಎಲ್ಲಿ ಎಂಬ ಪ್ರಶ್ನೆಗೆ ಉತ್ತರಿಸುತ್ತಾ ಕೂರಬೇಕು. ವಾರಂಟಿ ಮುಗಿಯುವವರೆಗೆ ತಾಳುವುದು ಜಾಣತನ.

ಈಗ ಆ ಟ್ರೇ. ಇಂಜಿನ್‌ನಿಂದ ಇಳಿದ ಆಯಿಲ್ ಹೊಸದರಂತೆ ಬರೀ ಎಣ್ಣೆಯಲ್ಲ. ಸವೆದ ಲೋಹದ ಕಣ, ಉರಿದ ಇಂಧನದ ಶೇಷ, ಕೆಲವು ಕ್ಯಾನ್ಸರ್‌ಕಾರಕ ಹೈಡ್ರೋಕಾರ್ಬನ್‌ಗಳು ಅದರಲ್ಲಿ ಸೇರಿರುತ್ತವೆ. ಒಂದು ಸಲದ ಆಯಿಲ್ ಬದಲಾವಣೆಯ ತ್ಯಾಜ್ಯ ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದು ಎಂಬುದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಮಾತು. ಅದಕ್ಕೇ ಅಲ್ಲಿ ಬಿಡಿಭಾಗ ಮಾರುವ ದೊಡ್ಡ ಅಂಗಡಿಗಳು ಹಳೆ ಆಯಿಲನ್ನು ಬಿಟ್ಟಿಯಾಗಿ ವಾಪಸು ತೆಗೆದುಕೊಳ್ಳುತ್ತವೆ. ಹೊಸ ಕ್ಯಾನ್ ಕೊಂಡ ಅಂಗಡಿಗೇ ಹಳೆಯದನ್ನು ಹೊತ್ತೊಯ್ಯಬಹುದು. ಮನೆಯಲ್ಲಿ ಆಯಿಲ್ ಬದಲಾಯಿಸುವ ಅಭ್ಯಾಸ ಅಲ್ಲಿ ಈ ಏರ್ಪಾಡಿನ ಆಸರೆಯಲ್ಲಿ ನಡೆದುಬಂದಿದೆ. ನಮ್ಮ ವಿಡಿಯೋಗಳು ಅದರ ಮೊದಲರ್ಧವನ್ನಷ್ಟೇ ತಂದವು.

ನಮ್ಮಲ್ಲಿ ಕಾನೂನಿಲ್ಲವೆಂದಲ್ಲ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಬಳಸಿದ ಆಯಿಲನ್ನೂ ಒಳಗೊಂಡಿವೆ. 2023ರ ತಿದ್ದುಪಡಿ ಅದನ್ನು ಮರುಬಳಕೆಗೆ ಸೇರಿಸುವ ಹೊಣೆಯನ್ನು ಆಯಿಲ್ ತಯಾರಕರ, ಆಮದುದಾರರ ಮೇಲೆ ಹೊರಿಸಿ 2024ರ ಏಪ್ರಿಲ್‌ನಿಂದ ಜಾರಿಗೆ ಬಂದಿದೆ. ಆದರೆ ಜೆ.ಸಿ. ರಸ್ತೆಯಲ್ಲಿ ಆಯಿಲ್ ಕೊಂಡವನು ಮುಂದಿನ ವಾರ ಮೂರು ಲೀಟರ್ ಹಳೆಯದನ್ನು ಹಿಡಿದು ಅದೇ ಅಂಗಡಿಗೆ ಹೋದರೆ ಅಂಗಡಿಯವರು ಮುಖ ಮುಖ ನೋಡುತ್ತಾರೆ. ಹೀಗಾಗಿ ಅದು ಹೋಗಬಾರದ ಕಡೆಗಳಿಗೆ ಹೋಗುತ್ತದೆ. ಮನೆ ಕಟ್ಟುವ ಕಡೆ ಸೆಂಟ್ರಿಂಗ್ ಶೀಟಿಗೆ ಬಳಿಯಲು ಕೇಳುತ್ತಾರೆ. ಊರಲ್ಲಾದರೆ ಗೆದ್ದಲು ಹಿಡಿಯದಿರಲೆಂದು ಬೇಲಿ ಕಂಬಕ್ಕೆ, ಕೊಟ್ಟಿಗೆಯ ತೊಲೆಗೆ ಹಚ್ಚುತ್ತಾರೆ. ಹಿರಿಯರಿಂದ ಬಂದ ಉಪಾಯ, ಗೆದ್ದಲು ಸ್ವಲ್ಪ ದಿನ ದೂರವಿರುವುದೂ ನಿಜ. ಆದರೆ ಎರಡು ಮಳೆಗಾಲದಲ್ಲಿ ಆ ಕಂಬದ ಬುಡದಿಂದ ಅದು ತೊಳೆದು ಇಳಿಯುವುದು ಅದೇ ತೋಟದ ಮಣ್ಣಿಗೆ, ಬಾವಿಗೆ. ಬೆಂಗಳೂರಲ್ಲಿ ರಾತ್ರಿ ಹೊತ್ತು ಮೋರಿಗೆ ಸುರಿದದ್ದು ರಾಜಕಾಲುವೆ ಹಿಡಿದು ಕೆರೆ ಸೇರುತ್ತದೆ. ಬೆಳ್ಳಂದೂರು ಕೆರೆಯ ನೊರೆ, ಬೆಂಕಿ ನೋಡಿದ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ದಾರಿ ಇಲ್ಲವೇ ಎಂದರೆ, ಇದೆ. ಹಳೆ ಆಯಿಲ್‌ಗೆ ಬೆಲೆಯಿದೆ. ಗ್ಯಾರೇಜುಗಳು ಅದನ್ನು ಡ್ರಮ್ಮಿನಲ್ಲಿ ಕೂಡಿಟ್ಟು ಮಾರುತ್ತವೆ. ಪರಿಚಯದ ಗ್ಯಾರೇಜಿನವರು ನಿಮ್ಮ ಕ್ಯಾನ್ ಬೇಡ ಎನ್ನುವುದಿಲ್ಲ, ಖುಷಿಯಿಂದಲೇ ತಗೊಳ್ಳುತ್ತಾರೆ. ಆ ಡ್ರಮ್ ನೋಂದಾಯಿತ ಮರುಬಳಕೆ ಘಟಕಕ್ಕೆ ಹೋಗುತ್ತದೋ, ಯಾವುದೋ ಕುಲುಮೆಗೆ ಉರುವಲಾಗುತ್ತದೋ ಎಂದು ಒಂದು ಮಾತು ಕೇಳುವುದು ತಪ್ಪಲ್ಲ. ಹಳೆ ಆಯಿಲ್ ಜೊತೆ ನೀರು, ಸೀಮೆಎಣ್ಣೆ, ಕೂಲೆಂಟ್ ಬೆರೆಸಬಾರದು, ಬೆರೆತರೆ ಮರುಬಳಕೆ ಕಷ್ಟ. ಹಳೆ ಫಿಲ್ಟರನ್ನು ತಲೆಕೆಳಗಾಗಿ ರಾತ್ರಿಯೆಲ್ಲ ಬಸಿದು ಅದರ ಜೊತೆಗೇ ಕೊಡಿ. ಖಾಲಿ ಕ್ಯಾನನ್ನು ಮಾತ್ರ ಹಾಗೇ ಗುಜರಿಗೆ ಹಾಕಬೇಡಿ. ನಕಲಿ ಆಯಿಲ್ ತುಂಬುವವರಿಗೆ ಅಸಲಿ ಕ್ಯಾನ್ ಬೇಕು, ಒಂದೆರಡು ಕಡೆ ಚುಚ್ಚಿಹಾಕಿ.

ಹಾಗಾದರೆ ಮಾಡಬೇಕೋ ಬೇಡವೋ? ಈ ಅಭ್ಯಾಸದ ದೊಡ್ಡ ಲಾಭ ಒಳಗೆ ಹೋದದ್ದೇನೆಂಬ ಖಾತ್ರಿ ಎಂದೆನಲ್ಲ, ಅದು ಕಾರಿನಡಿ ಮಲಗದೆಯೂ ಸಿಗುತ್ತದೆ. ಮ್ಯಾನುಯಲ್ ಹೇಳಿದ ದರ್ಜೆಯ ಆಯಿಲ್, ಅಸಲಿ ಫಿಲ್ಟರ್, ಹೊಸ ವಾಷರ್ ನೀವೇ ಕೊಂಡು ಗ್ಯಾರೇಜಿಗೆ ಹೋಗಿ, ಕಾರು ಲಿಫ್ಟ್ ಏರಿದಾಗ ಪಕ್ಕದಲ್ಲಿ ನಿಂತರಾಯಿತು. ಬೋಲ್ಟ್ ಬಿಚ್ಚುವುದನ್ನು, ರಿಂಗ್ ತೆಗೆಯುವುದನ್ನು ಕಣ್ಣಾರೆ ನೋಡಬಹುದು. ಅಡಿಭಾಗದಲ್ಲಿ ಎಲ್ಲಿ ತುಕ್ಕು, ಎಲ್ಲಿ ಒಸರು ಎಂಬುದೂ ಕಾಣುತ್ತದೆ, ಹಳೆ ಆಯಿಲ್ ಅವರ ಡ್ರಮ್ಮಿಗೇ ಹೋಗುತ್ತದೆ. ಹತ್ತರಲ್ಲಿ ಒಂಬತ್ತು ಮಂದಿಗೆ ಇದೇ ಸಾಕು. ಉಳಿದ ಒಬ್ಬರಿಗೆ ಸ್ಪ್ಯಾನರ್ ಹಿಡಿಯುವುದೇ ಇಷ್ಟ. ಅವರಿಗೆ ಸಮತಟ್ಟಾದ ಅಂಗಳವಿದ್ದರೆ, ಸ್ಟ್ಯಾಂಡ್ ಕೊಳ್ಳುವಷ್ಟು ವ್ಯವಧಾನವಿದ್ದರೆ ಖಂಡಿತ ಮಾಡಲಿ, ಒಳ್ಳೆಯ ಕೆಲಸ. ಹೊಸ ಆಯಿಲ್ ಕೊಳ್ಳಲು ಹೊರಡುವ ಮೊದಲು ಬಡಾವಣೆಯ ಗ್ಯಾರೇಜಿಗೆ ಹೋಗಿ, ‘ಅಣ್ಣಾ, ನಮ್ಮ ಹಳೆ ಆಯಿಲ್ ತಗೋತೀರಾ?’ ಎಂದು ಕೇಳಿಕೊಂಡು ಬನ್ನಿ. ಇಲ್ಲವೆಂದರೆ ಆ ಬೋಲ್ಟಿಗೆ ಕೈ ಹಾಕಬೇಡಿ.