ಹದಿನೆಂಟರ ಮಗ್ಗಿಯ ರೈಲುಗಳು

ಸ್ಪರ್ಧಾತ್ಮಕ ಪರೀಕ್ಷೆಗಳ ಗಣಿತ ಪುಸ್ತಕ ತೆರೆಯಿರಿ. ಅಲ್ಲಿ ಓಡುವ ರೈಲುಗಳು ಹೆಚ್ಚಾಗಿ ಗಂಟೆಗೆ 36, 54, 72 ಇಲ್ಲವೇ 90 ಕಿಲೋಮೀಟರ್ ವೇಗದವು. ಇದಕ್ಕೆ ಕಾರಣ ರೈಲ್ವೆ ಇಲಾಖೆಯಲ್ಲ, ಗಂಟೆಯ ಕಿಲೋಮೀಟರನ್ನು ಸೆಕೆಂಡಿನ ಮೀಟರಾಗಿಸುವ 5/18 ಎಂಬ ಭಿನ್ನರಾಶಿ. ಕಿಲೋಮೀಟರಿಗೆ 1000 ಮೀಟರ್, ಗಂಟೆಗೆ 3600 ಸೆಕೆಂಡ್. ಒಂದನ್ನು ಇನ್ನೊಂದರಿಂದ ಭಾಗಿಸಿ ಸಂಕ್ಷೇಪಿಸಿದರೆ 5/18. ವೇಗ ಹದಿನೆಂಟರ ಮಗ್ಗಿಯಲ್ಲಿದ್ದರೆ ಶೇಷದ ಕಾಟವಿಲ್ಲ. ಆರ್. ಎಸ್. ಅಗರ್ವಾಲರ ‘ಕ್ವಾಂಟಿಟೇಟಿವ್ ಆಪ್ಟಿಟ್ಯೂಡ್’ನ ರೈಲಿನ ಅಧ್ಯಾಯಕ್ಕೆ ಈ ಸೂತ್ರವೇ ಹೆಬ್ಬಾಗಿಲು. ಧಾರವಾಡದ, ಬೆಂಗಳೂರು ವಿಜಯನಗರದ ಕೋಚಿಂಗ್ ತರಗತಿಗಳ ಬೋರ್ಡಿನ ಮೇಲೂ ಅದು ತಪ್ಪದು.

ಸೂತ್ರವನ್ನು ಸುಮ್ಮನೆ ಹಳಿಯಲಾಗದು. ರೈಲ್ವೆಯ ಎನ್‌ಟಿಪಿಸಿ ಪರೀಕ್ಷೆಯ ಮೊದಲ ಹಂತದಲ್ಲಿ 90 ನಿಮಿಷಕ್ಕೆ 100 ಪ್ರಶ್ನೆ, ತಪ್ಪಿದರೆ ಮೂರನೇ ಒಂದು ಅಂಕ ಖೋತಾ. ಪ್ರಶ್ನೆಗೆ ಸಿಗುವುದು 54 ಸೆಕೆಂಡ್. 150 ಮೀಟರ್ ಉದ್ದದ ರೈಲು 54 ಕಿ.ಮೀ. ವೇಗದಲ್ಲಿ ಕಂಬ ದಾಟಲು 10 ಸೆಕೆಂಡ್ ಬೇಕು ಎಂದು ಬಾಯಲ್ಲೇ ಹೇಳಬಲ್ಲವನು ಮುಂದಿನ ಪ್ರಶ್ನೆಗೆ ಹೋಗಿರುತ್ತಾನೆ. ಏಕಮಾನ ಹೀಗೇಕೆ ಬದಲಾಯಿತು ಎಂದು ಯೋಚಿಸುತ್ತ ಕೂತವನ ಕೆಲಸ ಬೇರೆಯವರ ಪಾಲು.

ಆದರೆ 5/18 ಎಲ್ಲಿ, 18/5 ಎಲ್ಲಿ? ಕಾರಣ ತಿಳಿಯದೆ ಉರು ಹೊಡೆದವರಿಗೆ ಪರೀಕ್ಷೆಯ ಗಡಿಬಿಡಿಯಲ್ಲಿ ಎರಡೂ ಒಂದೇ. 72 ಕಿ.ಮೀ. ವೇಗಕ್ಕೆ 18/5 ಹಾಕಿದರೆ ಸೆಕೆಂಡಿಗೆ 259 ಮೀಟರ್ ಬರುತ್ತದೆ. ಅದು ವಿಮಾನದ ವೇಗ! ಹೆದ್ದಾರಿಯ ಬಸ್ಸು ಸೆಕೆಂಡಿಗೆ ಸುಮಾರು 20 ಮೀಟರ್ ಹೋಗುತ್ತದೆ ಎಂಬ ಅಂದಾಜು ಇದ್ದವರು ಅಲ್ಲಿಯೇ ನಿಂತು ಸೂತ್ರವನ್ನು ತಿರುಗಿಸುತ್ತಾರೆ. ಟ್ರಿಕ್ ಹೇಳಿಕೊಡುವ ಪುಸ್ತಕಗಳು ಈ ಅಂದಾಜಿಗೆ ಅರ್ಧ ಪುಟವನ್ನೂ ಕೊಡುವುದಿಲ್ಲ ಎನ್ನುವುದೇ ನನ್ನ ಮುಖ್ಯ ತಕರಾರು.

ವಿಸ್ತೀರ್ಣಕ್ಕೆ ಬಂದರೆ ಇದರ ಬೆಲೆ ತೆರಬೇಕಾಗುತ್ತದೆ. ಮೀಟರಿಗೆ 100 ಸೆಂಟಿಮೀಟರ್ ಎಂದು ಕಂಠಪಾಠ ಮಾಡಿದವರು ಚದರ ಮೀಟರಿಗೂ 100 ಎಂದೇ ಬರೆದುಬಿಡುತ್ತಾರೆ, ಅದು 10,000. ಈ ಪುಸ್ತಕಗಳಲ್ಲಿ ಸುತ್ತಾಡುವ ಮಳೆಯ ಲೆಕ್ಕವೊಂದು ನನಗೆ ಇಷ್ಟ: 1.5 ಹೆಕ್ಟೇರ್ ನೆಲಕ್ಕೆ 5 ಸೆಂಟಿಮೀಟರ್ ಮಳೆ ಬಿದ್ದರೆ ಒಟ್ಟು ನೀರೆಷ್ಟು? ಆಯ್ಕೆಗಳು 75, 750, 7500, 75000 ಘನ ಮೀಟರ್. ಒಂದೂವರೆಯನ್ನು ಐದರಿಂದ ಗುಣಿಸಲು ಯಾರಿಗಾದರೂ ಬರುತ್ತದೆ. ಇಲ್ಲಿ ಅಂಕಿಗಳು ಸುಳಿವೇ ಕೊಡುವುದಿಲ್ಲ, ಇರುವುದೆಲ್ಲ ಸೊನ್ನೆಗಳ ಜಗಳ. ಹೆಕ್ಟೇರೆಂದರೆ 10,000 ಚದರ ಮೀಟರ್, 5 ಸೆಂಟಿಮೀಟರ್ ಎಂದರೆ 0.05 ಮೀಟರ್. 15,000 × 0.05, ಅಂದರೆ 750 ಘನ ಮೀಟರ್, ಏಳೂವರೆ ಲಕ್ಷ ಲೀಟರ್. ಮಳೆಯನ್ನು ಒಂದು ಅಳತೆಯಲ್ಲಿ, ಹೊಲವನ್ನು ಇನ್ನೊಂದರಲ್ಲಿ, ನೀರನ್ನು ಮತ್ತೊಂದರಲ್ಲಿ ಹೇಳುವುದು ನಮ್ಮ ನಿಜವಾದ ವ್ಯವಹಾರ. ಪರಿವರ್ತನೆ ಇಲ್ಲಿ ಪ್ರಶ್ನೆಯ ಪೀಠಿಕೆಯಲ್ಲ, ಅದೇ ಪ್ರಶ್ನೆ.

ನಮ್ಮ ಹೊಲದ ಇನ್ನೊಂದು ಅಳತೆ ಗುಂಟೆ. ಅಖಿಲ ಭಾರತ ಪರೀಕ್ಷೆಗೆ ಅದು ಹೊಂದದು, ಸರಿ. ಆದರೆ ಕರ್ನಾಟಕದ ಕಂದಾಯ ಇಲಾಖೆಗೆ ಸೇರುವವರಿಗೆ ಗುಂಟೆಯ ಲೆಕ್ಕಕ್ಕಿಂತ ಒಳ್ಳೆಯ ಪ್ರಶ್ನೆ ಎಲ್ಲಿದೆ? ಪಹಣಿಯಲ್ಲಿ 1.30 ಎಂದಿದ್ದರೆ ಅದು ದಶಮಾಂಶವಲ್ಲ, ಒಂದು ಎಕರೆ ಮೂವತ್ತು ಗುಂಟೆ. ಎಕರೆಗೆ 40 ಗುಂಟೆಯಾದ್ದರಿಂದ ಅದು ಒಂದೂಮುಕ್ಕಾಲು ಎಕರೆ. ಅಂಥ ಎರಡು ಜಮೀನು ಸೇರಿದರೆ 2.60 ಅಲ್ಲ, 3 ಎಕರೆ 20 ಗುಂಟೆ. ಕ್ಯಾಲ್ಕುಲೇಟರ್ ನಂಬಿದವರು ಅರ್ಧ ಎಕರೆಗೂ ಮೀರಿ ತಪ್ಪುತ್ತಾರೆ.

ಪ್ರಶ್ನೆಪತ್ರಿಕೆ ಸಿದ್ಧಪಡಿಸುವವರು ಒಮ್ಮೆ ರೈಲನ್ನು ಗಂಟೆಗೆ 65 ಕಿಲೋಮೀಟರಿನಲ್ಲಿ ಓಡಿಸಲಿ. ಆಯ್ಕೆಗಳಲ್ಲಿ ಸೆಕೆಂಡಿಗೆ ಸುಮಾರು 2, 18, 65, 234 ಮೀಟರ್ ಇಡಲಿ. 234 ಎನ್ನುವವರು ಎಷ್ಟು ಮಂದಿ ಎಂದು ಎಣಿಸಿ, ಆಮೇಲೆ 5/18ರ ಪಾಠ ಹೇಗಿರಬೇಕೆಂದು ಮಾತಾಡೋಣ.