ಮಣ್ಣಿನ ಅತ್ತರು
ಸುಗಂಧದ ಹುಚ್ಚು ನನಗೆ ಹಳೆಯದು. ಗುಲಾಬಿ, ಕೇದಗೆ, ಲಾವಂಚ ಎಲ್ಲವನ್ನೂ ಹಚ್ಚಿ ನೋಡಿದ ಮೇಲೆ ನನ್ನದೆಂದು ಉಳಿದದ್ದು ಕನೌಜಿನ ಮಿಟ್ಟಿ ಅತ್ತರು. ಉತ್ತರ ಪ್ರದೇಶದ ಆ ಊರಿನಲ್ಲಿ ಸುಟ್ಟ ಜೇಡಿಮಣ್ಣನ್ನು ತಾಮ್ರದ ಹಂಡೆಗೆ ತುಂಬಿ, ನೀರು ಹೊಯ್ದು, ಮುಚ್ಚಳದ ಸಂದಿಗೆ ಮಣ್ಣು ಮೆತ್ತಿ, ಕೆಳಗೆ ಉರಿ ಹಾಕುತ್ತಾರೆ. ಹಬೆ ಬಿದಿರಿನ ಕೊಳವೆಯಲ್ಲಿ ಹಾದು, ತಣ್ಣೀರಿನ ತೊಟ್ಟಿಯಲ್ಲಿಟ್ಟ ಇನ್ನೊಂದು ಪಾತ್ರೆಗೆ ಇಳಿಯುತ್ತದೆ. ಅದರೊಳಗಿನ ಗಂಧದೆಣ್ಣೆ ಮಣ್ಣಿನ ವಾಸನೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಗಂಧದೆಣ್ಣೆ ದುಬಾರಿಯಾದ ಮೇಲೆ ದ್ರವ ಪ್ಯಾರಾಫಿನ್ ಬಳಸುವವರೂ ಇದ್ದಾರೆ; ಕೇಳಿಯೇ ಕೊಳ್ಳಬೇಕು. ಮುಂಗೈಗೆ ಒಂದು ಹನಿ ತಾಗಿಸಿದರೆ ಒಣನೆಲಕ್ಕೆ ಬಿದ್ದ ಮೊದಲ ಮಳೆಯ ಘಮ; ಮಧ್ಯಾಹ್ನದ ಹೊತ್ತಿಗೆ ಉಳಿಯುವುದು ಶ್ರೀಗಂಧ. ನಿಮ್ಮ ಪರಿಮಳ ಹುಡುಕುವಾಗ ಅಂಗಡಿಯವರು ಕೊಡುವ ಕಾಗದದ ಪಟ್ಟಿಯನ್ನು ನಂಬಬೇಡಿ. ಮೈಗೆ ಹಚ್ಚಿಕೊಂಡು ಅರ್ಧ ದಿನ ಕಾದು, ಆಮೇಲೆ ದುಡ್ಡು ಬಿಚ್ಚಿ.